ಎರಡು ಡಾಲರಿನ ವ್ಯಾನು

ಎಲ್ಡನ್ ಶೀರ್ಮನ್ ಮತ್ತು ಅವನ ಹೆಂಡತಿ ವರ್ನಾ ಮತ ಹಾಕುವಾಗ ಬೆನ್ನಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಊರಿನ ಸಭಾಂಗಣದಲ್ಲಿ ಪರದೆಯ ಮರೆಯಲ್ಲಿ ಹಾಕುತ್ತಿದ್ದ ಮತ ಅಂಚೆಯ ಲಕೋಟೆಯಲ್ಲಿ ಮನೆಗೇ ಬರತೊಡಗಿದ ವರ್ಷ, ಪರದೆಯ ಕೆಲಸವನ್ನು ಅವರು ತಮ್ಮ ಬೆನ್ನುಗಳಿಗೆ ವಹಿಸಿದ್ದರು. ಐವತ್ತೊಂದು ವರ್ಷಗಳ ಸಂಸಾರದಲ್ಲಿ ಒಬ್ಬರ ಮತವನ್ನು ಇನ್ನೊಬ್ಬರು ಕೇಳಿದ್ದಿಲ್ಲ. ಎಲ್ಡನ್‌ನ ಮತವನ್ನು ಕೇಳಬೇಕಾದ ಅಗತ್ಯವೂ ಇರಲಿಲ್ಲ. ಅವನು ಗುರುತು ಹಾಕುತ್ತಲೇ ಗಟ್ಟಿಯಾಗಿ ಹೇಳಿಬಿಡುತ್ತಿದ್ದ.

ಆ ವರ್ಷ ಅಕ್ಟೋಬರಿನ ಕೊನೆಯ ಭಾನುವಾರ, ಊಟದ ತಟ್ಟೆಗಳು ಇನ್ನೂ ಮೇಜಿನ ಮೇಲಿರುವಾಗಲೇ ಲಕೋಟೆಗಳನ್ನು ಒಡೆದರು.

"ವಾಹನದ ತೆರಿಗೆ ಇನ್ಮೇಲೆ ವರ್ಷಕ್ಕೆ ಮೂವತ್ತೇ ಡಾಲರ್," ಎಂದು ಎಲ್ಡನ್ ಮತದಾರರ ಕೈಪಿಡಿಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದಿದ. "ಹಳೇದಾಗ್ಲಿ ಹೊಸದಾಗ್ಲಿ, ಮೂವತ್ತು. ನಮ್ಮ ಅಂಗಳದಲ್ಲಿ ಏಳು ವಾಹನ ಇದಾವೆ."

"ಓಡೋದು ನಾಲ್ಕು," ಎಂದಳು ತಟ್ಟೆ ತೊಳೆಯುತ್ತಿದ್ದ ಸೊಸೆ ಮಾರ್ಲಾ.

"ಓಡ್ದೇ ಇರೋದಕ್ಕೂ ಕಟ್ತಿದೀನಲ್ಲ, ಅದೇ ನನ್ನ ಹೊಟ್ಟೆ ಉರಿ."

"ಆ ದುಡ್ಡೆಲ್ಲ ಎಲ್ಲಿಗೆ ಹೋಗ್ತಿತ್ತು ಅಂತ ಅದ್ರಲ್ಲಿ ಬರ್ದಿದಾರಾ?"

"ಬರೀಬೇಕಾ? ಸಿಯಾಟಲ್‌ನವರ ರೈಲಿಗೆ."

"ನಮ್ಮ ಕೌಂಟಿಗೂ ಬರ್ತಿತ್ತು, ಎಲ್ಡನ್. ಹಿಮ ತೆಗೆಯೋ ಗಾಡಿ, ಕೌಂಟಿ ವ್ಯಾನು…"

"ವ್ಯಾನು ಅಂತ ಎಲ್ಲಿದೆ? ತೋರ್ಸು."

ಮಾರ್ಲಾ ಕೈ ಒರೆಸಿಕೊಂಡು ಬಂದು ಕೈಪಿಡಿಯನ್ನು ಹಿಂದೆ ಮುಂದೆ ತಿರುವಿದಳು. ಜನರೇ ಮತ ಹಾಕಿ ತೀರ್ಮಾನಿಸಬೇಕಿದ್ದ ಆ ಪ್ರಸ್ತಾವದ ಪರವಾದ ವಾದ ಒಂದು ಪುಟ, ವಿರುದ್ಧದ ವಾದ ಒಂದು ಪುಟ, ಕಾನೂನಿನ ಭಾಷೆ ಒಂಬತ್ತು ಪುಟ. ವ್ಯಾನು ಎಂಬ ಮಾತು ಎಲ್ಲಿಯೂ ಇರಲಿಲ್ಲ.

"ನೋಡಿದ್ಯಾ," ಎಂದು ಎಲ್ಡನ್ 'ಹೌದು' ಎಂಬುದರ ಮುಂದಿನ ಗುಂಡಿಯನ್ನು ಕಪ್ಪು ಮಾಡಿದ. ಅವನ ಬೆನ್ನಿನ ಹಿಂದೆ ವರ್ನಾ ತನ್ನ ಮತಪತ್ರವನ್ನು ಮಡಿಸಿ, ಲಕೋಟೆಗೆ ಹಾಕಿ, ನಾಲಿಗೆಯಿಂದ ಅಂಟು ಒದ್ದೆ ಮಾಡಲು ಹೋಗಿ, ಬಾಯಿ ಒಣಗಿದ್ದರಿಂದ ಅದನ್ನು ಮೊಮ್ಮಗಳು ಬ್ರೆನ್ನಾಳ ಕಡೆ ಚಾಚಿದಳು.

ವರ್ನಾಳ ಬಾಯಿ ಒಣಗಲು ಕಾರಣವಿತ್ತು. ಅವಳ ಮೂತ್ರಪಿಂಡಗಳು ಕೈಕೊಟ್ಟು ಎರಡು ವರ್ಷವಾಗಿತ್ತು. ದಿನಕ್ಕೆ ನಾಲ್ಕು ಲೋಟ ನೀರು ಮಾತ್ರ ಕುಡಿಯಬೇಕು. ಸೋಮವಾರ, ಬುಧವಾರ, ಶುಕ್ರವಾರ ಐವತ್ತೆಂಟು ಮೈಲಿ ದೂರದ ನಗರದಲ್ಲಿ ನಾಲ್ಕು ಗಂಟೆ ಡಯಾಲಿಸಿಸ್. ಬೆಳಿಗ್ಗೆ ಆರಕ್ಕೆ ಕಾಲು ಗಂಟೆ ಇರುವಾಗ ಕೌಂಟಿಯ, ಎಂದರೆ ಜಿಲ್ಲಾಡಳಿತದ, ಬಿಳಿ ವ್ಯಾನು ಗೋಧಿ ಹೊಲಗಳ ನಡುವಿನ ಜಲ್ಲಿ ರಸ್ತೆಯಲ್ಲಿ ಬಂದು ನಿಲ್ಲುತ್ತಿತ್ತು. ಎರಡು ಡಾಲರ್ ಕೊಟ್ಟು ಹತ್ತಿದರೆ ಮಧ್ಯಾಹ್ನ ಒಂದರ ಹೊತ್ತಿಗೆ ಮನೆಗೆ ತಂದು ಬಿಡುತ್ತಿತ್ತು.

ನವೆಂಬರಿನಲ್ಲಿ ಪ್ರಸ್ತಾವ ಗೆದ್ದಿತು. ನಮ್ಮ ಲಾರ್ಕಿನ್ ಕೌಂಟಿಯಲ್ಲಂತೂ ನೂರಕ್ಕೆ ಎಪ್ಪತ್ತು ಮಂದಿ ಹೌದೆಂದಿದ್ದರು. ಕ್ರಿಸ್ಮಸ್‌ಗೆ ಹತ್ತು ದಿನವಿರುವಾಗ ಒಂದು ತೆಳ್ಳಗಿನ ಪತ್ರ ಬಂತು. ಮಾರ್ಲಾ ಅದನ್ನು ಊಟದ ಮೇಜಿನ ಬಳಿ ನಿಂತೇ ಓದಿದಳು: ರಾಜ್ಯದಿಂದ ಬರುತ್ತಿದ್ದ ಹಣ ನಿಂತಿರುವುದರಿಂದ ಜನವರಿ ಒಂದರಿಂದ ನಗರಕ್ಕೆ ಹೋಗುವ ವ್ಯಾನು ವಾರಕ್ಕೊಮ್ಮೆ, ಬುಧವಾರ ಮಾತ್ರ ಓಡುವುದು, ಪ್ರಯಾಣಿಕರ ಸಹಕಾರಕ್ಕೆ ಕೃತಜ್ಞತೆಗಳು.

ಮಗ ರಸ್ ಬಟಾಣಿಯ ಬಟ್ಟಲನ್ನು ತಂದೆಯ ಕಡೆಗೆ ಸರಿಸಿದ.

"ಈಗ ಹೇಳಿ, ವ್ಯಾನು ಅಂತ ಎಲ್ಲಿದೆ ಅಂದ್ರಲ್ಲ," ಎಂದಳು ಮಾರ್ಲಾ. "ಇಲ್ಲಿದೆ ನೋಡಿ."

"ಮಾರ್ಲಾ," ಎಂದ ರಸ್.

"ನೀನು ಸುಮ್ನಿರು. ಸೋಮವಾರ ಯಾರು ಕರ್ಕೊಂಡು ಹೋಗ್ತಾರೆ? ನೀನಾ? ಆರೂವರೆಗೆ ಸ್ಕೂಲ್ ಬಸ್ಸು ಯಾರು ಓಡಿಸ್ತಾರೆ ಆಮೇಲೆ? ನಾನಾ? ಇನ್ನೂರು ಮಕ್ಕಳ ಊಟ ಯಾರು ಬೇಯಿಸ್ತಾರೆ? ನಾನು ಆ ಅಡುಗೆಮನೆ ಬಿಟ್ರೆ ಈ ಮನೆಗೆ ಆರೋಗ್ಯ ವಿಮೆ ಎಲ್ಲಿಂದ ಬರುತ್ತೆ?"

"ನಾನು ಓಡಿಸ್ತೀನಿ," ಎಂದ ಎಲ್ಡನ್.

ಬ್ರೆನ್ನಾ ನಕ್ಕಳು. "ಅಜ್ಜ, ಹೋದ ತಿಂಗಳು ನೀನು ಟ್ರ್ಯಾಕ್ಟರ್ ತಗೊಂಡು ಅಂಚೆ ಡಬ್ಬಿ ಬೀಳಿಸ್ದೆ."

ಅವನ ಕಣ್ಣಿನ ನಡುಭಾಗ ಮಸುಕಾಗಿ, ಚಾಲನಾ ಪರವಾನಗಿ ಹೋಗಿ ಎರಡು ವರ್ಷವಾಗಿತ್ತು.

ಮಾರ್ಲಾ ದನಿ ತಗ್ಗಿಸಿದಳು. "ವರ್ನಾ, ಸಿಟ್ಟು ಮಾಡ್ಕೋಬೇಡಿ. ಕ್ಲಿನಿಕ್ ಎದುರಿಗೇ ವಯಸ್ಸಾದವರಿಗೆ ಅಂತ ಮನೆಗಳಿದಾವೆ. ಫೋನ್ ಮಾಡಿ ವಿಚಾರ್ಸಿದೀನಿ. ಮಾರ್ಚಿಗೆ ಒಂದು ಖಾಲಿ ಆಗುತ್ತಂತೆ. ನಡ್ಕೊಂಡೇ ಹೋಗ್ಬಹುದು."

"ಒಬ್ಳೇನಾ?" ಎಂದಳು ವರ್ನಾ.

"ನಾವು ಭಾನುವಾರ ಭಾನುವಾರ ಬರ್ತೀವಿ."

ವರ್ನಾ ಮೇಜಿನ ಸುತ್ತ ಒಬ್ಬೊಬ್ಬರ ಮುಖವನ್ನೂ ನೋಡಿದಳು. "ನಾನು ಈ ಮನೆಗೆ ಬಂದಾಗ ಇಲ್ಲಿ ಒಂದು ಮರ ಇರ್ಲಿಲ್ಲ. ಗಾಳಿಗೆ ತಡೆ ಅಂತ ಇರೋ ಅಷ್ಟೂ ಮರ ಬಕೆಟ್‌ನಲ್ಲಿ ನೀರು ಹೊತ್ತು ಬೆಳೆಸಿದೀನಿ. ನಾನು ಎಲ್ಲಿಗೂ ಹೋಗಲ್ಲ, ಮಾರ್ಲಾ. ಇಲ್ಲಿಂದ ಮಷೀನಿಗೆ ಹೋಗೋಕಾದ್ರೆ ಹೋಗ್ತೀನಿ. ಆಗದಿದ್ರೆ ಮಷೀನು ಬೇಡ."

ಆ ಮಾತು ಹೇಳಿ ಅವಳು ಎದ್ದು ಕಾಫಿಗೆ ನೀರಿಟ್ಟಳು. ಡಯಾಲಿಸಿಸ್ ಎರಡು ವಾರ ನಿಂತರೆ ಏನಾಗುವುದೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ಅಕ್ಕಪಕ್ಕದವರು ಸತ್ತಿದಾರಾ?" ಎಂದ ಎಲ್ಡನ್ ಕೊನೆಗೆ. "ರಸ್ ಕಾಲು ಮುರಿದ ವರ್ಷ ನಮ್ಮ ಗೋಧಿ ಕೊಯ್ದಿದ್ದು ಯಾರು? ಹನ್ನೊಂದು ಯಂತ್ರ ಬಂದಿದ್ವು ಒಂದೇ ದಿನ. ಸರ್ಕಾರ ಕಳಿಸಿತ್ತಾ?"

ಮರುದಿನ ಅವನು ನೆರೆಯವರೊಬ್ಬರ ಗಾಡಿಯಲ್ಲಿ ಹಾರ್ಲೋ ಊರಿನ, ರೈತರ ಗೋಧಿ ಕೂಡಿಡುವ ಧಾನ್ಯ ಗೋಪುರದ ಕಚೇರಿಗೆ ಹೋದ. ಅಲ್ಲಿ ಬೆಳಗಿನ ಕಾಫಿಗೆ ಕೂಡುವ ರೈತರ ಮೇಜಿನ ಹಿಂದೆ, ಗೋಧಿಯ ಧಾರಣೆ ಬರೆಯುವ ಹಲಗೆಯ ಪಕ್ಕಕ್ಕೆ ಒಂದು ಹಾಳೆ ಅಂಟಿಸಿದ. ಸೋಮವಾರಗಳು, ಶುಕ್ರವಾರಗಳು, ಮುಂದೆ ಖಾಲಿ ಜಾಗ. ಮೂರನೆಯ ದಿನಕ್ಕೆ ಮಾರ್ಚಿನ ಕೊನೆಯವರೆಗೂ ಹೆಸರು ತುಂಬಿದವು. ಎಲ್ಡನ್ ಆ ಹಾಳೆಯನ್ನು ಮಡಿಸಿ ಮನೆಗೆ ತಂದು ಮಾರ್ಲಾಳ ಮುಂದೆ ಬಿಡಿಸಿಟ್ಟ.

"ಒಂದು ಸೆಂಟ್ ತೆರಿಗೆ ಇಲ್ದೆ," ಎಂದ.

ಮಾರ್ಲಾ ಹೆಸರುಗಳನ್ನು ಓದಿದಳು. ಅವಳ ಕಣ್ಣು ತುಂಬಿ ಬಂತು. "ದೇವರು ಅವರನ್ನೆಲ್ಲ ಚೆನ್ನಾಗಿಟ್ಟಿರ್ಲಿ," ಎಂದಳು. ಮಾವನಿಗೆ ಮಾತ್ರ ಏನನ್ನೂ ಹೇಳಲಿಲ್ಲ.

ಮೊದಲ ಸೋಮವಾರ ಬಂದವನು ಡ್ವೇನ್ ಓಮ್‌ಬರ್ಗ್. ಮೂರು ಮೈಲಿ ಆಚೆಯ ರೈತ, ಎಪ್ಪತ್ತರ ಹತ್ತಿರದವನು. ತನ್ನ ಪಿಕಪ್ ಗಾಡಿಯ ಆಸನವನ್ನು ಅರ್ಧ ಗಂಟೆ ಮೊದಲೇ ಬೆಚ್ಚಗೆ ಮಾಡಿ ತಂದಿದ್ದ. ವರ್ನಾ ಲಟ್ಟಿಸಿದ ಹಿಟ್ಟಿನೊಳಗೆ ಸೇಬು ತುಂಬಿ ಗಾಜಿನ ತಟ್ಟೆಯಲ್ಲಿ ಬೇಯಿಸಿದ ಪೈಯೊಂದನ್ನು ಟವೆಲಿನಲ್ಲಿ ಸುತ್ತಿಕೊಂಡು ಹತ್ತಿದಳು.

"ಇದೆಲ್ಲ ಯಾಕೆ ವರ್ನಾ?" ಎಂದ ಡ್ವೇನ್, ಪೈಯನ್ನು ಆಗಲೇ ತನ್ನ ಕಡೆಗೆ ಎಳೆದುಕೊಳ್ಳುತ್ತ.

"ನಿನ್ನ ಬೆಳಿಗ್ಗೆ ಪೂರ್ತಿ ಹಾಳಾಗುತ್ತಲ್ಲ."

"ಜನವರೀಲಿ ನನ್ನ ಬೆಳಿಗ್ಗೆಗೆ ಯಾರೂ ಐದು ಸೆಂಟ್ ಕೊಡಲ್ಲ."

ಶುಕ್ರವಾರ ಬಂದವಳು ಲವಾನ್, ಅಂಚೆ ಕಚೇರಿಯಿಂದ ನಿವೃತ್ತಳಾದ ವಿಧವೆ. ಅವಳಿಗೆ ಚೆರ್ರಿ ಪೈ. ಹೀಗೆ ಎರಡು ವಾರ ನಡೆಯಿತು. ಮೂರನೆಯ ವಾರದಿಂದ ಪೈಯ ಗಾಜಿನ ತಟ್ಟೆಗಳು ಹಿಂತಿರುಗತೊಡಗಿದವು. ನಮ್ಮ ಕಡೆ ಯಾರೂ ತಟ್ಟೆಯನ್ನು ಬರಿದಾಗಿ ಹಿಂತಿರುಗಿಸುವುದಿಲ್ಲ. ಡ್ವೇನ್‌ನ ಹೆಂಡತಿ ಟೊಮೆಟೊ ಉಪ್ಪಿನಕಾಯಿಯ ಬಾಟಲಿ ಇಟ್ಟು ಕಳಿಸಿದಳು. ಇನ್ನೊಬ್ಬಾಕೆ ಕೆನೆ ಹಾಕಿ ಬೇಯಿಸಿದ ಆಲೂಗಡ್ಡೆ. ಮತ್ತೊಬ್ಬಾಕೆ ತನ್ನದೇ ತಟ್ಟೆಯಲ್ಲಿ ಬಾಳೆಹಣ್ಣಿನ ಬ್ರೆಡ್ಡು. ಕಿಡ್ನಿ ಕೆಟ್ಟವರು ಮುಟ್ಟಲೇಬಾರದ ಪದಾರ್ಥಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಅಡುಗೆ ಮಾಡಿದಂತಿತ್ತು.

"ಇವರೆಲ್ಲ ಸೇರಿ ನಿನ್ನ ಸಾಯಿಸೋಕೆ ಹೊರಟಿದಾರೆ ಅಜ್ಜಿ," ಎಂದಳು ಬ್ರೆನ್ನಾ ಬಾಯಿ ತುಂಬ ಬಾಳೆಹಣ್ಣಿನ ಬ್ರೆಡ್ಡು ತುಂಬಿಕೊಂಡು.

"ಹಾಗನ್ಬೇಡ. ಪ್ರೀತಿಯಿಂದ ಕೊಟ್ಟಿದಾರೆ. ಆ ತಟ್ಟೆ ಯಾರದು ನೋಡು."

ತಟ್ಟೆಯ ತಳದ ಅಂಟುಪಟ್ಟಿಯಲ್ಲಿ ಹೆಸರಿತ್ತು. ಈ ಸಲ ಬಂದದ್ದು ಅವರ ತಟ್ಟೆ. ಅದನ್ನೂ ಬರಿದಾಗಿ ಕಳಿಸುವಂತಿಲ್ಲ. ಹೀಗಾಗಿ ವಾರಕ್ಕೆ ಎರಡು ಪೈ ಇದ್ದದ್ದು ಮೂರಾಯಿತು, ನಾಲ್ಕಾಯಿತು. ಡಯಾಲಿಸಿಸ್ ಆದ ದಿನ ವರ್ನಾಳಿಗೆ ಕಾಲೆತ್ತಿ ಇಡಲು ಶಕ್ತಿಯಿರುತ್ತಿರಲಿಲ್ಲ. ಮಂಗಳವಾರ ಮತ್ತು ಗುರುವಾರ ಅವಳ ಒಳ್ಳೆಯ ದಿನಗಳು. ಆ ಎರಡೂ ದಿನ ಅವಳು ಹಿಟ್ಟು ಲಟ್ಟಿಸುತ್ತ ನಿಂತಿರುತ್ತಿದ್ದಳು.

ಒಂದು ಗುರುವಾರ ಮಾರ್ಲಾ ನಗರದಿಂದ ಎರಡು ಪೈ ಕೊಂಡು ತಂದಳು.

"ಇದೇನಿದು?"

"ನಾಳೆ ಲವಾನ್‌ಗೆ. ನೀವು ಮಲಗಿ."

"ಅಂಗಡೀದಾ?" ವರ್ನಾ ರಟ್ಟಿನ ಡಬ್ಬಿಯನ್ನು ಬೆರಳ ತುದಿಯಿಂದ ತಳ್ಳಿದಳು. "ನನ್ನ ಸಲುವಾಗಿ ನಾಲ್ಕು ಗಂಟೆ ಆ ಕ್ಲಿನಿಕ್ಕಿನ ಪ್ಲಾಸ್ಟಿಕ್ ಕುರ್ಚೀಲಿ ಕೂರ್ತಾಳೆ ಅವಳು. ಅಂಗಡಿ ಪೈ ಕೊಡೋದಾ ಅವಳಿಗೆ?"

"ಅವಳಿಗೆ ವ್ಯತ್ಯಾಸ ಗೊತ್ತಾಗಲ್ಲ."

"ನನಗೆ ಗೊತ್ತಾಗುತ್ತೆ."

ಡಬ್ಬಿಯೊಳಗಿನ ಪೈಗಳನ್ನು ಎಲ್ಡನ್ ಮತ್ತು ರಸ್ ತಿಂದು ಮುಗಿಸಿದರು. ಚೆನ್ನಾಗಿವೆ ಎಂದು ಹೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಇನ್ನೊಂದು ಕಷ್ಟವಿತ್ತು, ಅದನ್ನು ವರ್ನಾ ಬ್ರೆನ್ನಾಳಿಗೆ ಮಾತ್ರ ಹೇಳಿದ್ದಳು. ದಾರಿಯುದ್ದಕ್ಕೂ ಮಾತು. ಡ್ವೇನ್ ತನ್ನ ಮಂಡಿಯ ಶಸ್ತ್ರಚಿಕಿತ್ಸೆಯನ್ನು ಹೋಗುವಾಗ ಐವತ್ತೆಂಟು ಮೈಲಿ, ಬರುವಾಗ ಐವತ್ತೆಂಟು ಮೈಲಿ ವಿವರಿಸುತ್ತಿದ್ದ. ಲವಾನ್ ತನ್ನ ತಂಗಿಯ ಮೂರನೆಯ ಗಂಡನ ವಿಷಯ. ರಕ್ತವನ್ನೆಲ್ಲ ಹೊರತೆಗೆದು ತೊಳೆದು ಒಳಗೆ ಹಾಕಿದ ಮೇಲೆ ತಲೆ ಬಳ್ಳಿಯ ಮೇಲಿನ ಕುಂಬಳಕಾಯಿಯಂತೆ ವಾಲುತ್ತಿದ್ದರೂ ವರ್ನಾ ಕಣ್ಣು ಬಿಟ್ಟುಕೊಂಡು, "ಹೌದಾ? ಆಮೇಲೆ?" ಎನ್ನುತ್ತಿದ್ದಳು. ಪುಕ್ಕಟೆ ಕರೆದೊಯ್ಯುವವರ ಪಕ್ಕದಲ್ಲಿ ನಿದ್ದೆ ಹೋಗುವುದು ಹೇಗೆ?

ಫೆಬ್ರವರಿಯ ಕೊನೆಯ ವಾರ ಅವಳಿಗೆ ನೆಗಡಿಯಾಯಿತು. ಗುರುವಾರ ಹಿಟ್ಟು ಕಲಸಲು ಹೋದವಳು ಕುರ್ಚಿಯಲ್ಲಿ ಕೂತವಳೇ ಏಳಲಿಲ್ಲ. ಶುಕ್ರವಾರ ಬೆಳಿಗ್ಗೆ ಐದಕ್ಕೆ ಲವಾನ್‌ಗೆ ಫೋನ್ ಮಾಡಿ, "ಇವತ್ತು ರಸ್‌ಗೆ ನಗರದಲ್ಲಿ ಕೆಲಸ ಇದ್ಯಂತೆ, ಅವನೇ ಕರ್ಕೊಂಡು ಹೋಗ್ತಾನೆ, ನೀನು ಮಲ್ಕೋ," ಎಂದಳು. ಮನೆಯವರಿಗೆ ಲವಾನ್ ಸ್ವಲ್ಪ ತಡವಾಗಿ ಬರುತ್ತಾಳೆ ಎಂದಳು. ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋದರು. ಎಲ್ಡನ್‌ನನ್ನು ಯಾರೋ ಬಂದು ರೈತರ ಸಭೆಗೆ ಕರೆದೊಯ್ದರು. ಸಂಜೆ ಅವರು ಬಂದಾಗ ಅವಳು ಎಂದಿನ ಶುಕ್ರವಾರದಂತೆ ಸೋಫಾದ ಮೇಲೆ ಮಲಗಿದ್ದಳು.

ಭಾನುವಾರ ಊಟಕ್ಕೆ ಕೂತಾಗ ಬ್ರೆನ್ನಾ ಬಿದ್ದ ಚಮಚವನ್ನು ಎತ್ತಿಕೊಳ್ಳಲು ಮೇಜಿನ ಕೆಳಗೆ ಬಗ್ಗಿದಳು. ಎದ್ದವಳ ಮುಖ ಬಿಳುಚಿಕೊಂಡಿತ್ತು.

"ಅಮ್ಮ, ಅಜ್ಜಿ ಕಾಲು ನೋಡು."

ಮಾರ್ಲಾ ಹೆಬ್ಬೆರಳಿನಿಂದ ವರ್ನಾಳ ಕಣಕಾಲನ್ನು ಒತ್ತಿದಳು. ಹಿಟ್ಟಿನ ಮೇಲೆ ಒತ್ತಿದಂತೆ ಗುಳಿ ಬಿತ್ತು, ಮೇಲಕ್ಕೆ ಬರಲಿಲ್ಲ.

"ವರ್ನಾ, ಶುಕ್ರವಾರ ಎಷ್ಟು ನೀರು ತೆಗೆದ್ರು?"

ವರ್ನಾ ಕಷ್ಟಪಟ್ಟು ಉಸಿರೆಳೆದುಕೊಂಡಳು. "ನಾನು ಶುಕ್ರವಾರ ಹೋಗ್ಲಿಲ್ಲ."

ರಸ್ ಊಟದಿಂದ ಹಾಗೆಯೇ ಎದ್ದು ಕಾರು ತೆಗೆದ. ಐವತ್ತೆಂಟು ಮೈಲಿಯನ್ನು ಅವನು ನಲವತ್ತು ನಿಮಿಷದಲ್ಲಿ ದಾಟಿದ. ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿ, ಭಾನುವಾರವೇ ಯಂತ್ರ ತಂದು ಜೋಡಿಸಿದರು. ಸಂಜೆಯ ಹೊತ್ತಿಗೆ ಅವಳ ತುಟಿಗೆ ಬಣ್ಣ ಮರಳಿತು. ನರ್ಸೊಬ್ಬಳು ಕಾಗದ ಹಿಡಿದು ಬಂದಳು.

"ಶುಕ್ರವಾರ ಯಾಕೆ ತಪ್ಪಿಸಿದ್ರಿ, ಮಿಸೆಸ್ ಶೀರ್ಮನ್?"

"ಪೈ ಆಗಿರ್ಲಿಲ್ಲ."

ನರ್ಸ್ ಬರೆಯುವುದನ್ನು ನಿಲ್ಲಿಸಿದಳು. "ಇವತ್ತು ಯಾವ ವಾರ, ಹೇಳ್ತೀರಾ?"

"ಭಾನುವಾರ. ತಲೆ ನೆಟ್ಟಗಿದೆ ಕಣಮ್ಮ. ಕರ್ಕೊಂಡು ಹೋಗೋರಿಗೆ ಕೊಡೋಕೆ ಪೈ ಮಾಡಿರ್ಲಿಲ್ಲ. ಬರಿಗೈಲಿ ಹೇಗೆ ಹತ್ತೋದು?"

ಹಾಸಿಗೆಯ ಆ ಬದಿಯಲ್ಲಿ ನಿಂತಿದ್ದ ಎಲ್ಡನ್ ಕುರ್ಚಿಯನ್ನು ಕೈಯಿಂದ ತಡವಿ ಹುಡುಕಿ ಕುಳಿತ.

ಮಂಗಳವಾರ ಅವಳನ್ನು ಮನೆಗೆ ಕರೆತಂದರು. ಮಾರ್ಲಾ ಕೆಲಸಕ್ಕೆ ರಜೆ ಹಾಕಿ ಉಪ್ಪಿಲ್ಲದ ಕೋಳಿ ಸಾರು ಮಾಡಿಟ್ಟು ಹಿಂದಿನ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಅಡುಗೆಮನೆಯಲ್ಲಿ ಗಂಡಹೆಂಡತಿ ಇಬ್ಬರೇ ಇದ್ದರು.

"ನನಗೆ ಒಂದು ಮಾತು ಹೇಳಿದ್ರೆ ಡ್ವೇನ್‌ನ ಕರೀತಿದ್ದೆ," ಎಂದ ಎಲ್ಡನ್.

"ಡ್ವೇನ್‌ನ ತಟ್ಟೇನೂ ನಮ್ಮನೇಲೇ ಇದೆ."

"ಯಾರೂ ಪೈ ಕೇಳ್ಲಿಲ್ಲ, ವರ್ನಾ! ಪ್ರೀತಿಯಿಂದ ಬರ್ತಾರೆ."

"ಗೊತ್ತು. ಒಬ್ಬೊಬ್ಬರ ಹೆಸರು ಹಿಡಿದು ಪ್ರಾರ್ಥನೆ ಮಾಡ್ತೀನಿ. ಆದ್ರೆ ಅಷ್ಟೊಂದು ಪ್ರೀತಿಗೆ ನನ್ನ ಹತ್ರ ಹಿಟ್ಟಿಲ್ಲ, ಎಲ್ಡನ್. ಗೋಧಿ ಕೊಯ್ಲಿಗೆ ಜನ ಒಂದು ದಿನ ಬಂದ್ರು, ಮೇಜು ಹಾಕಿ ಊಟ ಕೊಟ್ವಿ, ಆಯ್ತು. ಇದು ವಾರಕ್ಕೆ ಎರಡು ಸಲ, ನಾನು ಸಾಯೋವರೆಗೆ. ವ್ಯಾನಿನವನಿಗೆ ಎರಡು ಡಾಲರ್ ಕೊಟ್ರೆ ಅಲ್ಲಿಗೆ ಮುಗೀತಿತ್ತು. ಅವನ ಹೆಂಡತಿ ಯಾರು, ಮಂಡಿ ಹೇಗಿದೆ, ಏನೂ ಕೇಳ್ಬೇಕಾಗಿರ್ಲಿಲ್ಲ."

ಎಲ್ಡನ್ ಸಾರಿನ ಬಟ್ಟಲನ್ನು ತಿರುಗಿಸಿದ. "ಆ ಪ್ರಸ್ತಾವಕ್ಕೆ ನಾನು ಹೌದು ಅಂದಿದ್ದಕ್ಕೆ ಮನಸಿನಲ್ಲಿ ಇಟ್ಕೊಂಡಿದೀಯ. ಇಲ್ಲ ಅನ್ಬೇಡ."

"ಇಲ್ಲ."

"ಮಾರ್ಲಾ ಥರ ಬಾಯಿಬಿಟ್ಟು ಬೈದುಬಿಡು."

"ಹೇಗೆ ಬೈಲಿ? ನಾನೂ ಹೌದು ಅಂತಲೇ ಹಾಕಿದ್ದೆ."

ಹಿಂದಿನ ಕೋಣೆಯಲ್ಲಿ ಬಟ್ಟೆ ಮಡಿಸುವ ಸದ್ದು ನಿಂತಿತು. ಮಾರ್ಲಾ ಬಾಗಿಲಲ್ಲಿ ಬಂದು ನಿಂತಳು, ಕೈಯಲ್ಲಿ ಒಂದು ಕಾಲುಚೀಲ.

"ನೀವು? ಆ ವ್ಯಾನಲ್ಲಿ ಓಡಾಡ್ತಿದ್ದ ನೀವು?"

"ಪುಸ್ತಕ ಪೂರ್ತಿ ಓದ್ದೆ ಕಣೇ. ವ್ಯಾನು ಅಂತ ಎಲ್ಲೂ ಇರ್ಲಿಲ್ಲ. ನೀನೂ ತಿರುವಿ ನೋಡಿದ್ಯಲ್ಲ. ಏಳು ವಾಹನಕ್ಕೆ ದುಡ್ಡು ಉಳಿದ್ರೆ ಬ್ರೆನ್ನಾ ಕಾಲೇಜಿಗೆ ಆಗುತ್ತೆ ಅಂದ್ಕೊಂಡೆ."

ಮಾರ್ಲಾ ಕಾಲುಚೀಲವನ್ನು ಕಿವುಚಿದಳು. ನಾಲ್ಕು ತಿಂಗಳಿನಿಂದ ಮಾವನ ಮೇಲೆ ಸಿಡುಕಿದ್ದೆಲ್ಲ ಅವಳಿಗೆ ಒಟ್ಟಿಗೇ ನೆನಪಾಯಿತೇನೋ, ಮೊದಲು ನಗು ಬಂತು, ಆಮೇಲೆ ಅಳು ಬಂತು. "ನಿಮ್ಮಿಬ್ಬರನ್ನೂ ಒಂದೇ ತಕ್ಕಡೀಲಿ ಹಾಕ್ಬೇಕು," ಎಂದು ಬಟ್ಟಲಿಗೆ ಇನ್ನಷ್ಟು ಸಾರು ಬಡಿಸಿದಳು. "ಕುಡೀರಿ. ಲೆಕ್ಕದ ನೀರಿನಲ್ಲಿ ಇದೂ ಸೇರುತ್ತೆ, ಮರೀಬೇಡಿ."

ಅದೇ ವಾರ ಕೌಂಟಿಯ ಕಮಿಷನರ್‌ಗಳು ಏಪ್ರಿಲಿನ ವಿಶೇಷ ಚುನಾವಣೆಗೆ ಒಂದು ಪ್ರಸ್ತಾವ ಇಟ್ಟಿರುವ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಕೌಂಟಿಯೊಳಗಿನ ಮಾರಾಟದ ಮೇಲೆ ಹತ್ತು ಡಾಲರಿಗೆ ಎರಡು ಸೆಂಟ್ ಹೆಚ್ಚು ತೆರಿಗೆ. ಆ ಹಣದಿಂದ ವ್ಯಾನು ಮತ್ತೆ ವಾರಕ್ಕೆ ಮೂರು ದಿನ. ಕಾಫಿ ಮೇಜಿನಲ್ಲಿ ಅದು ಆಗಲೇ ಸತ್ತ ಪ್ರಸ್ತಾವವಾಗಿತ್ತು. ಗುರುವಾರ ಎಲ್ಡನ್ ಅಲ್ಲಿಗೆ ಬಂದಾಗ ಏಳೆಂಟು ಮಂದಿ ಕೂತಿದ್ದರು.

"ವರ್ನಾ ಹೇಗಿದಾಳೆ?" ಎಂದು ಎಲ್ಲರೂ ಒಟ್ಟಿಗೆ ಕೇಳಿದರು. ಲವಾನ್ ಅತ್ತು ಊರಿಗೆಲ್ಲ ಹೇಳಿದ್ದಳು.

"ಪರವಾಗಿಲ್ಲ. ನಿಮಗೆಲ್ಲ ನಮಸ್ಕಾರ ಹೇಳಿದಾಳೆ." ಎಲ್ಡನ್ ನಿಂತೇ ಇದ್ದ. ಟೋಪಿ ತೆಗೆದ. "ಒಂದು ವಿಷಯ ಕೇಳೋಕೆ ಬಂದಿದೀನಿ. ಏಪ್ರಿಲಿನಲ್ಲಿ ಎರಡು ಸೆಂಟಿಗೆ ಹೌದು ಅನ್ನಿ."

ಡ್ವೇನ್ ಲೋಟವನ್ನು ಮೇಜಿನ ಮೇಲಿಟ್ಟ.

"ಯಾರಪ್ಪ ಇವನು?" ಎಂದ ಡ್ವೇನ್. "ಎಲ್ಡನ್ ಶೀರ್ಮನ್ ಥರಾನೇ ಇದಾನೆ."

"ಆಸ್ಪತ್ರೇಲಿ ಅವನ ತಲೆಗೂ ಮಷೀನು ಹಾಕಿದ್ರೇನೋ," ಎಂದ ಇನ್ನೊಬ್ಬ. ಎಲ್ಲರೂ ನಕ್ಕರು. ಎಲ್ಡನ್ ನಗು ಮುಗಿಯುವವರೆಗೆ ಕಾದ.

"ನಾವು ಕರ್ಕೊಂಡು ಹೋಗ್ತಿದೀವಲ್ಲ," ಎಂದ ಡ್ವೇನ್. ಅವನ ದನಿಯಲ್ಲಿ ನೋವಿತ್ತು. "ಮೇ ತಿಂಗಳಿಗೂ ಹೆಸರು ಹಾಕಿದೀನಿ. ಬಿತ್ತನೆ ಇದ್ರೂ ಬರ್ತೀನಿ. ನಮ್ಮಿಂದ ಏನು ಕಮ್ಮಿ ಆಯ್ತು?"

"ಏನೂ ಕಮ್ಮಿ ಆಗಿಲ್ಲ. ನೀವು ಇಷ್ಟು ಒಳ್ಳೆಯವರಾಗಿರೋದೇ ತೊಂದರೆ."

"ಅಂದ್ರೆ?"

"ಅವಳು ನಿಮಗೆ ಋಣ ತೀರಿಸ್ತಾ ಸಾಯ್ತಾಳೆ, ಡ್ವೇನ್. ನಿನ್ನ ಹೆಂಡತೀನೂ ಹಾಗೇ ಅಲ್ವಾ? ನಾಳೆ ನಿನಗೆ ಆ ಮಷೀನು ಬಂತು ಅನ್ಕೋ. ನಾನು ವಾರಕ್ಕೆ ಮೂರು ದಿನ ನಿನ್ನ ಕೂರಿಸ್ಕೊಂಡು ಹೋಗ್ತೀನಿ. ಎಷ್ಟು ವಾರ ಸುಮ್ನೆ ಕೂತಿರ್ತೀಯ?"

"ನಿನ್ನ ಕಣ್ಣಿಗೆ ನೀನು ಓಡಿಸಿದ್ರೆ ಒಂದೇ ವಾರ," ಎಂದ ಡ್ವೇನ್. ಮತ್ತೆ ನಗು. ಆದರೆ ಅವನು ತಲೆ ತಗ್ಗಿಸಿ ಲೋಟದ ಅಂಚನ್ನು ಒರೆಸುತ್ತಿದ್ದ.

"ಅವಳು ಹೆಮ್ಮೆಯಿಂದ ಎರಡು ಡಾಲರ್ ಕೊಟ್ಟು ಹತ್ತೋ ಗಾಡಿ ಅದು," ಎಂದ ಎಲ್ಡನ್. "ನನಗೆ ತೆರಿಗೆ ಅಂದ್ರೆ ಈಗಲೂ ಆಗಲ್ಲ. ಇದೊಂದಕ್ಕೆ ಕೇಳ್ತಿದೀನಿ."

ಯಾರೂ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಅವನಿಗೆ ಕುರ್ಚಿ ಎಳೆದು ಕಾಫಿ ಬಗ್ಗಿಸಿದರು; ಮಾತು ಗೊಬ್ಬರದ ಬೆಲೆಗೆ ಹೊರಳಿತು.

ಮಾರ್ಚಿನಲ್ಲಿ ಮಾರ್ಲಾ ಹೇಳಿದ್ದ ಮನೆ ಖಾಲಿಯಾಯಿತು. ಏಪ್ರಿಲ್ ಮೂವತ್ತರವರೆಗೆ ಹಿಡಿದಿಡುತ್ತೇವೆಂದು ಅವರು ಫೋನ್ ಮಾಡಿದರು. ವರ್ನಾ ಈ ಸಲ ಜಗಳವಾಡಲಿಲ್ಲ. "ಪ್ರಸ್ತಾವ ಬಿದ್ರೆ ಹೋಗ್ತೀನಿ," ಎಂದಳು. "ನಿಮ್ಮನ್ನ ಮತ್ತೆ ಹಾಗೆ ಹೆದರ್ಸಲ್ಲ." ಅಲ್ಲಿಯವರೆಗೆ ಡ್ವೇನ್, ಲವಾನ್ ಮೊದಲಿನಂತೆಯೇ ಬಂದರು. ಪೈ ಮಾಡದಂತೆ ಬ್ರೆನ್ನಾ ಲಟ್ಟಣಿಗೆಯನ್ನೇ ಬಚ್ಚಿಟ್ಟಿದ್ದಳು. ವರ್ನಾ ಬಾಟಲಿಯಿಂದ ಲಟ್ಟಿಸಿ ಚಿಕ್ಕ ಬಿಸ್ಕತ್ತು ಮಾಡಿ ಕೊಟ್ಟಳು.

ಬ್ರೆನ್ನಾಳಿಗೆ ಹದಿನೆಂಟು ತುಂಬಿ ಅವಳ ಮೊದಲ ಮತಪತ್ರ ಬಂತು. ಪ್ರಸ್ತಾವ ಅರ್ಧ ಪುಟದ್ದಿತ್ತು. ಅವಳು ಅದನ್ನು ಎದ್ದು ನಿಂತು ಓದಿದಳು: "ಸಾರಿಗೆ ವ್ಯಾನುಗಳಿಗಾಗಿ. ಇಲ್ಲಿ ನೋಡಿ, ಈ ಸಲ ಹೆಸರು ಹಾಕಿದಾರೆ."

"ಓದಿದ್ದು ಸಾಕು, ಸಹಿ ಹಾಕೋದು ಮರೀಬೇಡ," ಎಂದಳು ಮಾರ್ಲಾ.

ಎಣಿಕೆ ಮೂರು ದಿನ ನಡೆಯಿತು. ಮೊದಲ ದಿನ ಪ್ರಸ್ತಾವ ಅರವತ್ತು ಮತ ಹಿಂದಿತ್ತು. ಮಾರ್ಲಾ ನಗರದ ಮನೆಗೆ ಬೇಕಾಗುವ ಹಾಸಿಗೆ ಹೊದಿಕೆಗಳನ್ನು ಒಗೆದು ಪೆಟ್ಟಿಗೆಗೆ ಹಾಕಿದಳು. ಎರಡನೆಯ ದಿನ ಹನ್ನೊಂದು ಮತ ಹಿಂದೆ. ಮೂರನೆಯ ದಿನ ಮಧ್ಯಾಹ್ನ ಕೌಂಟಿ ಕಚೇರಿಯ ಮುಂದಿನ ಫಲಕದಲ್ಲಿ ಹಾಳೆ ಅಂಟಿಸುವಾಗ ಬ್ರೆನ್ನಾ ಶಾಲೆಯಿಂದ ಓಡಿಹೋಗಿ ನಿಂತಿದ್ದಳು. ಮನೆಗೆ ಫೋನ್ ಮಾಡಿದಳು.

"ಹತ್ತೊಂಬತ್ತು ಮತ ಅಜ್ಜಿ!"

"ಹಿಂದೆಯಾ?"

"ಮುಂದೆ! ಮುಂದೆ!"

ವರ್ನಾ ಫೋನನ್ನು ಇಟ್ಟು, ಕೈಗಳನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡು ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ನಿಂತಳು. ಎಲ್ಡನ್ ಹಿಂದಿನಿಂದ ಬಂದು, "ಏನಂತೆ?" ಎಂದ.

"ಹತ್ತೊಂಬತ್ತು ಜನ," ಎಂದಳು ಅವಳು. "ಯಾರು ಯಾರು ಅಂತ ಗೊತ್ತಿಲ್ಲ. ಯಾರಿಗೂ ಏನೂ ಕೊಡೋಕಾಗಲ್ಲ." ಅವಳ ಮುಖದಲ್ಲಿ ನಗುವಿತ್ತು.

ವ್ಯಾನು ಜೂನ್ ಮೊದಲ ಸೋಮವಾರದಿಂದ ಓಡಿತು. ಆ ಬೆಳಿಗ್ಗೆ ಆರಕ್ಕೆ ಮುಂಚೆಯೇ ಬಿಸಿಲು ಹಸಿರು ಗೋಧಿಯ ಮೇಲೆ ಹರಡಿತ್ತು. ಚಾಲಕ ಹೊಸಬ, ಮೂವತ್ತರ ಆಸುಪಾಸಿನವನು. ಕೌಂಟಿಯ ಆ ತುದಿಯಿಂದ ಬಂದವನು. ವರ್ನಾ ಎರಡು ಡಾಲರನ್ನು ಡಬ್ಬಿಗೆ ಹಾಕಿದಳು.

"ಗುಡ್ ಮಾರ್ನಿಂಗ್ ಮ್ಯಾಡಮ್. ಬೆಲ್ಟು ಹಾಕ್ಕೊಳ್ಳಿ," ಎಂದು ಅವನು ಪಟ್ಟಿಯಲ್ಲಿ ಹೆಸರಿಗೆ ಗುರುತು ಹಾಕಿದ. ಅಷ್ಟೇ. ಅವಳು ಮೂರನೆಯ ಸಾಲಿನ ಕಿಟಕಿಯ ಪಕ್ಕಕ್ಕೆ ಕೂತು, ಕೋಟನ್ನು ಮಡಿಸಿ ತಲೆಯ ಕೆಳಗೆ ಇಟ್ಟುಕೊಂಡಳು. ವ್ಯಾನು ಅಂಗಳ ದಾಟುವಷ್ಟರಲ್ಲಿ ಅವಳ ಕಣ್ಣು ಮುಚ್ಚಿತ್ತು.

ಅದನ್ನು ಕಳಿಸಿ ಎಲ್ಡನ್ ಒಳಗೆ ಹೋಗಲು ತಿರುಗಿದಾಗ, ತಿರುವಿನ ಹತ್ತಿರ ಇನ್ನೊಂದು ಎಂಜಿನ್ನಿನ ಸದ್ದು ಕೇಳಿಸಿತು. ಅವನಿಗೆ ಆಕಾರ ಮಾತ್ರ ಕಂಡಿತು, ಸದ್ದಿನಿಂದ ಗೊತ್ತಾಯಿತು. ಕೋಲು ಊರುತ್ತ ರಸ್ತೆಯ ಅಂಚಿನಲ್ಲಿ ನಡೆದು ಹೋದ. ಡ್ವೇನ್ ಪಿಕಪ್ಪಿನಲ್ಲಿ ಕೂತಿದ್ದ, ಕಿಟಕಿ ಇಳಿಸಿಕೊಂಡು.

"ಇಲ್ಲೇನು ಮಾಡ್ತಿದೀಯ?"

"ಮೊದಲ ದಿನ. ಕೌಂಟಿಯವರ ಗಾಡಿ ಅಲ್ವಾ." ಡ್ವೇನ್ ಸ್ಟಿಯರಿಂಗ್ ಮೇಲೆ ಬೆರಳು ಬಡಿದ. "ಬರದೇ ಇದ್ರೆ ಅಂತ."

"ಬಂತು."

"ನೋಡ್ದೆ. ಎರಡು ನಿಮಿಷ ಮುಂಚೇನೇ ಬಂತು."

ಎಲ್ಡನ್ ಕಿಟಕಿಯ ಅಂಚಿನ ಮೇಲೆ ಕೈ ಇಟ್ಟ. ಐದು ತಿಂಗಳಲ್ಲಿ ಈ ಪಿಕಪ್ಪಿಗೆ ಎಷ್ಟು ಪೈ ಹತ್ತಿದ್ದವೋ. ತಾನು ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲವೆಂಬುದು ಅವನಿಗೆ ಆಗ ಹೊಳೆಯಿತು.

"ಡ್ವೇನ್," ಎಂದ. "ಬಹಳ ಉಪಕಾರ ಆಯ್ತು ಕಣಯ್ಯ."

ಡ್ವೇನ್ ಮುಂದಿನ ಗಾಜಿನ ಆಚೆಗೆ, ವ್ಯಾನು ಹೋದ ಕಡೆಗೆ ನೋಡಿದ. "ಹತ್ತು," ಎಂದು ಆ ಬದಿಯ ಬಾಗಿಲು ತೆರೆದ. "ಮನೆವರೆಗೂ ಬಿಡ್ತೀನಿ."

ಮನೆ ಇನ್ನೂರು ಹೆಜ್ಜೆ ದೂರವೂ ಇರಲಿಲ್ಲ. ಎಲ್ಡನ್ ಹತ್ತಿ ಕುಳಿತ.